ಲಚ್ಚಮ್ಮನ ಬಲಗೈ

ನನ್ನ ಕೆಲಸಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರಿದೆ: ಸಮುದಾಯ ಪುನರ್ವಸತಿ ಸಹಾಯಕಿ. ನ್ಯಾಲ್ಕಲ್ ಕಡೆಯ ಹಳ್ಳಿಗಳಲ್ಲಿ ಅಷ್ಟುದ್ದ ಹೇಳುವ ಪುರುಸೊತ್ತು ಯಾರಿಗೂ ಇಲ್ಲ. ನನ್ನ ಹೆಸರು ಧಮ್ಮಶೀಲಾ ಎಂಬುದೂ ಅವರಿಗೆ ಉದ್ದವೇ. ‘ಕೈಕಾಲು ಮಾಡೋ ಶೀಲಾಬಾಯಿ’ ಎಂದು ಮುಗಿಸುತ್ತಾರೆ. ಲಕ್ವಾ ಹೊಡೆದವರು, ಬಿದ್ದು ಕಾಲು ಮುರಿದುಕೊಂಡವರು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನಾನು ವಾರಕ್ಕೆರಡು ಸಲ ಜಹೀರಾಬಾದಿನಿಂದ ಜೀಪು ಹತ್ತಿ ಹೋಗಿ ಡಾಕ್ಟರು ಬರೆದುಕೊಟ್ಟ ಕಸರತ್ತು ಮಾಡಿಸುತ್ತೇನೆ. ಅವರ ಕೆಲಸ ಅವರೇ ಮಾಡಿಕೊಳ್ಳುವಂತಾದ ದಿನ ಕಾರ್ಡಿನಲ್ಲಿ ‘ಗುರಿ ಮುಟ್ಟಿದೆ’ ಎಂದು ಬರೆದು ಹೊರಡಬೇಕು. ಆಮೇಲೆ ಆ ಮನೆಗೆ ನಾನು ಬೇಡ. ಬೇಡವಾಗುವುದೇ ನನ್ನ ಕೆಲಸ.

ಕಾರ್ಡಿನ ಮೊದಲ ಪ್ರಶ್ನೆ, ಮತ್ತೆ ಏನು ಮಾಡಬೇಕೆಂಬ ಆಸೆ ಇದೆ ಎಂದು. ನೂರಕ್ಕೆ ತೊಂಬತ್ತು ಜನ ನಡೆಯಬೇಕು ಅನ್ನುತ್ತಾರೆ. ಲಚ್ಚಮ್ಮ ಮಾತ್ರ ಹಾಗನ್ನಲಿಲ್ಲ. ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು, ಬಲಗೈ ಮಡಿಲಲ್ಲಿ ಮುದುರಿ ಬಿದ್ದಿತ್ತು, ನಾಲಿಗೆ ಇನ್ನೂ ತೊದಲುತ್ತಿತ್ತು.

“ರೊಟ್ಟಿ ಬಡೀಬೇಕು,” ಅಂದಳು.

ಪಕ್ಕದಲ್ಲಿ ಕೂತು ಅತ್ತೆಗೆ ಅನ್ನ ಕಲಸಿ ತುತ್ತು ಕೊಡುತ್ತಿದ್ದ ಸೊಸೆ ಬಾಲಮಣಿ ಗಾಬರಿಯಾದಳು. “ಅಕ್ಕಾ, ಅದು ಬ್ಯಾಡ್ರಿ. ನಾ ಇದ್ದೂ ಅತ್ತಿ ಒಲಿ ಮುಂದ ಕೂತ್ರ ಓಣ್ಯಾಗಿನ ಮಂದಿ ನನಗೇನಂತಾರ? ಇವರು ಆದಿತ್ವಾರ ತಾಂಡೂರಿಂದ ಬಂದು ನೋಡಿದ್ರ ನನ್ನ ಗತಿ ಏನು?”

‘ಇವರು’ ಅಂದರೆ ಲಚ್ಚಮ್ಮನ ಮಗ ಪ್ರೇಮಕುಮಾರ, ತಾಂಡೂರಿನ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ. ಬಾಲಮಣಿ ಒಳ್ಳೆಯ ಹುಡುಗಿ. ಅತ್ತೆಗೆ ಸ್ನಾನ, ತಲೆಬಾಚುವುದು, ತುತ್ತು ತಿನ್ನಿಸುವುದು, ಎಲ್ಲ ಅವಳದೇ. ಅತಿಯಾದರೆ ಅಮೃತವೂ ವಿಷ ಅನ್ನುವುದು ನನ್ನ ಕೆಲಸದಲ್ಲಿ ಗಾದೆಯಲ್ಲ, ದಿನಾ ಕಣ್ಣಾರೆ ಕಾಣುವ ಸಂಗತಿ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವಳ ಕೈಯಿಂದ ತಾಟು ಕಿತ್ತು ಲಚ್ಚಮ್ಮನ ಮುಂದಿಟ್ಟೆ.

“ಕೈ ಇದ್ದೋರು ತಾವೇ ಉಣಬೇಕು. ಇವತ್ತಿಂದ ಈ ಮನ್ಯಾಗ ಯಾರೂ ಯಾರಿಗೂ ತುತ್ತು ಕೊಡಂಗಿಲ್ಲ. ಚೆಲ್ಲಿದ್ರ ಚೆಲ್ಲಲಿ, ಹಾಸುಗಲ್ಲು ಒರೆಸಿದ್ರ ಆತು.”

ಆ ದಿನ ಲಚ್ಚಮ್ಮ ಅರ್ಧ ಅನ್ನ ನೆಲಕ್ಕೆ ಉಣಿಸಿದಳು. ಬಾಲಮಣಿ ಬಾಗಿಲ ಹಿಂದೆ ನಿಂತು ಅತ್ತಳು. ನಾನು ಕರಗಲಿಲ್ಲ. ಕರಗಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ನಮ್ಮವ್ವನಿಗೂ ಲಕ್ವಾ ಹೊಡೆದಿತ್ತು. ಆಗ ನಾವು ತಾಂಡೂರಿನಲ್ಲಿದ್ದೆವು, ನಾನು ಹಾಸುಗಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಹನ್ನೊಂದು ತಿಂಗಳು ಅವ್ವನನ್ನು ಕೂತಲ್ಲಿಂದ ಏಳಗೊಡಲಿಲ್ಲ. ಎಲ್ಲ ನಾನೇ ಮಾಡಿದೆ. ಪಕ್ಕದ ಮನೆಯ ಕಾಂತಾಬಾಯಿ ಬಂದವರಿಗೆಲ್ಲ ನನ್ನನ್ನು ತೋರಿಸಿ, ಮಗಳಂದರೆ ಇಂಥವಳಿರಬೇಕು ಅನ್ನುತ್ತಿದ್ದಳು, ನಾನು ಉಬ್ಬುತ್ತಿದ್ದೆ. ಒಂದು ದಿನ ಹಿಟ್ಟು ನಾದುತ್ತಿದ್ದಾಗ ಅವ್ವ ತೆವಳಿಕೊಂಡು ಹಿಟ್ಟಿನ ಪರಾತದ ಹತ್ತಿರ ಬಂದು, “ಒಂದು ರೊಟ್ಟಿ ನಾ ಬಡೀಲೇನ?” ಅಂದಳು. “ನಿನಗ್ಯಾಕ ಬೇಕವ್ವಾ, ಸುಮ್ನ ಕೂಡು,” ಅಂದೆ. ಮತ್ತೆ ಕೇಳಲಿಲ್ಲ. ಅವಳ ಮುಷ್ಟಿ ಎಷ್ಟು ಬಿಗಿಯಿತೆಂದರೆ ಕೊನೆಗೆ ಉಗುರು ಅಂಗೈಗೆ ನಾಟುತ್ತಿತ್ತು. ಮಣ್ಣಿಗೆ ಹೋಗುವಾಗಲೂ ಆ ಕೈ ಬಿಚ್ಚಲಿಲ್ಲ.

ಈ ಕೆಲಸದ ತರಬೇತಿಗೆ ಸೇರಿದ ಮೊದಲ ವಾರ, ಕೈಯನ್ನು ಬಳಸದಿದ್ದರೆ ಅದು ಮುದುರುತ್ತದೆ ಎಂದು ಹೇಳಿಕೊಟ್ಟರು. ಹೊರಗೆ ಹೋಗಿ ನಲ್ಲಿಯ ಹತ್ತಿರ ಕೂತು ಅತ್ತೆ. ಅವ್ವನ ಕೈರೊಟ್ಟಿ ತಿನ್ನುವ ಆಸೆ ನನಗೆ ಅಂದು ಹುಟ್ಟಿದ್ದು ಇಂದಿಗೂ ಹೋಗಿಲ್ಲ. ಎಷ್ಟೋ ಮನೆಯ ರೊಟ್ಟಿ ತಿಂದಿದ್ದೇನೆ, ಹೊಟ್ಟೆ ತುಂಬುತ್ತದೆ, ಆಸೆ ಹಾಗೇ ಇರುತ್ತದೆ.

ಅದಕ್ಕೇ ಲಚ್ಚಮ್ಮನ ಕೈಗೆ ಹಟ ಹಿಡಿದು ಬಿದ್ದೆ. ಮಂಗಳವಾರ, ಶುಕ್ರವಾರ. ಮೊದಲು ಬೆರಳು ಒಂದೊಂದಾಗಿ ಬಿಡಿಸುವುದು, ಆಮೇಲೆ ಒದ್ದೆ ಬಟ್ಟೆ ಹಿಂಡುವುದು, ಆಮೇಲೆ ಜೋಳದ ಹಿಟ್ಟು. “ಕೈ ಹಿಟ್ಟಾದ್ರ ಬಾಯಿಗೆ ರೊಟ್ಟಿ, ದೊಡ್ಡವ್ವಾ,” ಎಂದು ನಾನು ಕೆಣಕುವುದು, “ನೀ ನನ್ನ ಅತ್ತಿಕಿಂತ ಜುಲುಮಿನಾಕಿ,” ಎಂದು ಅವಳು ಬೈಯುವುದು. ತುತ್ತು ತಾನೇ ಎತ್ತಿ ಬಾಯಿಗಿಡುವಂತಾದಳು. ಮಾತು ತಿಳಿಯಾಯಿತು. ನನ್ನ ಜೀಪಿನ ಸದ್ದಿಗೆ ಕಟ್ಟೆಯ ಮೇಲೆ ಬಂದು ಕೂತಿರುತ್ತಿದ್ದಳು. ಹೋದ ಕೂಡಲೇ, “ಬಂದೇನ ನನ್ನವ್ವಾ, ಬಿಸಲಾಗ ಮುಖ ಎಷ್ಟು ಕಂದ್ಯಾದ ನೋಡು,” ಅನ್ನುತ್ತಿದ್ದಳು. ಅವ್ವ ಹೋದ ಮೇಲೆ ಆ ಮಾತು ಕೇಳದೆ ನನಗೆ ಏಳು ವರ್ಷವಾಗಿತ್ತು.

ರೊಟ್ಟಿ ಮಾತ್ರ ಬರಲಿಲ್ಲ. ಅಂಗೈಯಗಲ ಆಗುವವರೆಗೆ ಚೆನ್ನಾಗಿ ಬಡಿಯುತ್ತಿದ್ದಳು, ಆಮೇಲೆ ಕೈ ಸೋತು ಅಂಚು ಒಡೆಯುತ್ತಿತ್ತು. ಒಂದು ವಾರ, ಎರಡು ವಾರ, ಅದೇ ಕಥೆ. ನಮ್ಮ ಮೇಲ್ವಿಚಾರಕ ಪ್ರಮೋದ ಸಾರ್ ಫೋನ್ ಮಾಡಿದರು.

“ಶೀಲಾಬಾಯಿ, ಆ ಕೇಸ್ ಯಾವಾಗ ಮುಗಸ್ತೀರಿ? ರಾಯಿಕೋಡಿನಾಗ ಮೊಗಲಪ್ಪ ಅಂತ ಕಾಲು ಮುರದದ್ದು ಅದ. ಪಟ್ಟಿ ಬಿಚ್ಚಿ ತಿಂಗಳಾತು. ಪಾದ ಬಿಗಿ ಹಿಡ್ಯಾಕತ್ತದ ಅಂತ ಅವರ ಮನಿಯವರು ದಿನಾ ಫೋನ್ ಮಾಡ್ತಾರ.”

“ಇನ್ನೊಂದು ವಾರ ಕೊಡ್ರಿ ಸಾರ್. ರೊಟ್ಟಿ ಬಂದಿಲ್ಲ,” ಅಂದೆ. ಕಾರ್ಡಿನಲ್ಲೂ ಹಾಗೇ ಬರೆದೆ.

ಮಾರನೆಯ ವಾರ, ಗುರುವಾರ, ಲಚ್ಚಮ್ಮನ ಊರಿನವನೇ ಆದ ವೀರಪ್ಪನಿಗೆ ಊರುಗೋಲು ಕೊಡಬೇಕಾಗಿತ್ತು. ಕೊಟ್ಟು ಬರುತ್ತ ಲಚ್ಚಮ್ಮನ ಓಣಿಗೆ ತಿರುಗಿದೆ. ಪಟಪಟ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಬಾಲಮಣಿ ಇರಬೇಕೆಂದುಕೊಂಡೆ. ಆದರೆ ಬಾಲಮಣಿ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡಳು.

ಒಳಗೆ ಹೋದೆ. ಲಚ್ಚಮ್ಮ ಪರಾತದ ಮುಂದೆ ಕೂತಿದ್ದಳು. ಎಡಗೈ ರೊಟ್ಟಿ ತಿರುಗಿಸುತ್ತಿತ್ತು, ಬಲಗೈ ಬಡಿಯುತ್ತಿತ್ತು. ದೊಡ್ಡ ರೊಟ್ಟಿ, ಒಂದು ಅಂಚೂ ಒಡೆದಿರಲಿಲ್ಲ. ಬುಟ್ಟಿಯಲ್ಲಿ ಆಗಲೇ ಬೇಯಿಸಿದ ನಾಲ್ಕಿದ್ದವು.

“ಎಷ್ಟು ದಿನ ಆತು?” ನನ್ನ ದನಿ ಓಣಿಗೆಲ್ಲ ಕೇಳಿಸಿರಬೇಕು.

ಲಚ್ಚಮ್ಮ ತಲೆ ಎತ್ತಲಿಲ್ಲ. ಬಾಲಮಣಿಯೇ ಬಾಗಿಲಲ್ಲಿ ನಿಂತು ಹೇಳಿದಳು. “ಹದಿನೈದು ದಿನ ಆತ್ರಿ ಅಕ್ಕಾ. ನೀವು ಬರೋ ದಿನ ಬಿಟ್ಟು ಉಳಿದ ದಿನ ಎಲ್ಲಾ ಅತ್ತೀನೇ ಬಡೀತಾರ. ನಿಮಗ ಹೇಳಿದ್ರ ನನ್ನಾಣಿ ಅಂದ್ರು.”

“ನಾಟಕ ಏನ ದೊಡ್ಡವ್ವಾ? ಅಲ್ಲಿ ರಾಯಿಕೋಡಿನಾಗ ಒಬ್ಬನ ಪಾದ ದಿನಾ ಕಟ್ಟಿಗಿ ಆಗಾಕತ್ತದ! ಅವನ ದಿನ ನೀ ತಿಂದಿ!”

ಲಚ್ಚಮ್ಮ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. “ರೊಟ್ಟಿ ಬಂದ್ರ ನೀ ಬರಲ್ಲಲ್ಲ,” ಅಂದಳು, ಸಣ್ಣಗೆ.

ಬೈಯಲು ಇನ್ನೂ ಬಹಳ ಮಾತಿತ್ತು. ಬೈಯುವ ಹಕ್ಕು ಮಾತ್ರ ನನಗಿರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ, ನನ್ನದೂ ಹಾಗಾಗಿತ್ತು. ಹೋದ ವಾರ ಅವಳ ಮಣಿಕಟ್ಟು ಹಿಡಿದಾಗ ಒಳಗಿನ ಬಲ ನನ್ನ ಬೆರಳಿಗೆ ತಿಳಿದಿತ್ತು. ಅಷ್ಟು ಬಲವಿರುವ ಕೈ ಅಂಗೈಯಗಲದ ರೊಟ್ಟಿಗೆ ಸೋಲುವುದಿಲ್ಲ. ಅದು ತಿಳಿದೂ ‘ಬಂದಿಲ್ಲ’ ಎಂದು ಬರೆದವಳು ನಾನು. ಮೊಗಲಪ್ಪನ ದಿನಗಳನ್ನು ಇಬ್ಬರೂ ಕೂಡಿ ತಿಂದಿದ್ದೆವು.

ಅವಳ ಎದುರಿಗೆ ನೆಲದ ಮೇಲೆ ಕೂತೆ. “ನನಗೂ ಗೊತ್ತಿತ್ತು, ದೊಡ್ಡವ್ವಾ. ಗೊತ್ತಿದ್ದೂ ಬರದೆ,” ಅಂದೆ. ಚೀಲದಿಂದ ಕಾರ್ಡು ತೆಗೆದು ತೊಡೆಯ ಮೇಲಿಟ್ಟುಕೊಂಡು, ಅವಳು ನೋಡುತ್ತಿರುವಂತೆಯೇ ‘ಗುರಿ ಮುಟ್ಟಿದೆ’ ಎಂದು ಬರೆದೆ. ತಾರೀಖು ಹಾಕಿದೆ. ಪ್ರಮೋದ ಸಾರ್‌ಗೆ ಫೋನ್ ಮಾಡಿ, ನಾಳೆಯಿಂದ ರಾಯಿಕೋಡಿಗೆ ಹೋಗುತ್ತೇನೆ ಎಂದೆ.

ಲಚ್ಚಮ್ಮ ಎಲ್ಲ ಕೇಳಿಸಿಕೊಂಡಳು. ಆಮೇಲೆ ಪರಾತವನ್ನು ಹತ್ತಿರ ಎಳೆದುಕೊಂಡಳು. “ಹೋಗಾಕಿ ಹೋಗು. ಒಂದು ನಿನಗ ಬಡೀಲೇನ?”

ಅವ್ವ ಕೇಳಿದ್ದೂ ಇದೇ ಮಾತು.

“ಬಡಿ ಯವ್ವಾ,” ಅಂದೆ.

ಅವಳು ಬಡಿದಳು, ಹಂಚಿಗೆ ಹಾಕಿದಳು, ನೀರು ಸವರಿದಳು, ತಿರುವಿದಳು. ನಾನು ಕಣ್ಣು ಕೀಳದೆ ನೋಡಿದೆ. ರೊಟ್ಟಿ ಉಬ್ಬಿತು. ತಾಟಿಗೆ ಹಾಕಿ ಮೇಲೆ ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಇಟ್ಟಳು. ನಾನು ತಾಟಿಗೆ ಕೈ ಚಾಚುವಷ್ಟರಲ್ಲಿ ಬಲಗೈಯಿಂದಲೇ ಒಂದು ತುಣುಕು ಮುರಿದು, ಹಿಂಡಿ ಹಚ್ಚಿ, ನನ್ನ ಮುಖದವರೆಗೆ ತಂದಳು.

“ಅಕ್ಕಾ, ಈ ಮನ್ಯಾಗ ತುತ್ತು ಕೊಡಂಗಿಲ್ಲ ಅಂದಿದ್ರಿ!” ಬಾಲಮಣಿ ಬಾಗಿಲಲ್ಲಿ ನಗುತ್ತಿದ್ದಳು.

ನನ್ನ ಎರಡೂ ಕೈ ನೆಟ್ಟಗಿದ್ದವು. ಅವನ್ನು ಮಡಿಲಲ್ಲಿ ಇಟ್ಟುಕೊಂಡು ಬಾಯಿ ತೆರೆದೆ.