ಕಂಕುಳು ಬಿಗಿ

ಬೈಕು ಮೂರನೇ ಸಲ ಮೇಸ್ತ್ರಿಯ ರಿಪೇರಿ ಶೆಡ್ಡಿಗೆ ವಾಪಸು ಬಂದಿತ್ತು. ಅದೂ ತಳ್ಳಿಸಿಕೊಂಡು.

ತಳ್ಳಿಕೊಂಡು ಬಂದವಳು ನರ್ಸಮ್ಮ. ಹಣೆಯ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತ್ತು. ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದ ನೀಲಿ ಡಬ್ಬಿಯಲ್ಲಿ ಕೂಸುಗಳಿಗೆ ಹಾಕುವ ಲಸಿಕೆ, ಅದರ ಸುತ್ತ ಐಸು. ಗುಡ್ಡದಾಚೆಯ ಊರಿನಲ್ಲಿ ತಾಯಂದಿರು ಕಾಯುತ್ತಿದ್ದರು. ಅವಳು ಗಾಡಿಗೆ ಪಕ್ಕದ ಸ್ಟ್ಯಾಂಡ್ ಹಾಕಿ, ಯಾವತ್ತಿನಂತೆ ಹ್ಯಾಂಡಲನ್ನು ಎಡಕ್ಕೆ ಹೊರಳಿಸಿ ಬಿಟ್ಟಳು.

"ಮೇಸ್ತ್ರಿ, ನಿನ್ನೆ ಕ್ವಾರಿ ತಿರುವಲ್ಲಿ ಜೀವ ಬಾಯಿಗೆ ಬಂದಿತ್ತು. ಇಳಿಜಾರಲ್ಲಿ ತಟಕ್ಕನೆ ನಿಂತುಹೋಯ್ತು. ಹಾರ್ನೂ ಇಲ್ಲ, ಲೈಟೂ ಇಲ್ಲ. ಹಿಂದೆ ಲಾರಿ. ಅವನು ಬ್ರೇಕ್ ಒತ್ತೋದು ಒಂದು ಕ್ಷಣ ತಡ ಆಗಿದ್ರೆ ನಾನು ಗೋಡೆ ಮೇಲೆ ಫೋಟೋ ಆಗಿರ್ತಿದ್ದೆ."

"ಇವತ್ತು?"

"ಇವತ್ತು ಆಸ್ಪತ್ರೆ ಅಂಗಳದಲ್ಲೇ ಉಸಿರಿಲ್ಲ. ಒದ್ದು ಒದ್ದು ಕಾಲು ಊದ್ಕೊಂಡಿದೆ. ಮತ್ತೆ ಅದೇ ತಿರುವು ಇಳೀಬೇಕು ನಾನು, ಗೊತ್ತಾಯ್ತಾ?"

ಮೇಸ್ತ್ರಿಯ ಮುಖ ಕೆಂಪಾಯಿತು. ಶೆಡ್ಡಿನ ಮೂಲೆಯಲ್ಲಿ ಹೊಲಿಗೆ ಮಷೀನಿನ ಹಿಂದೆ ಕೂತಿದ್ದ ಅವನ ಸೊಸೆ, ಅಂದರೆ ಅಕ್ಕನ ಮಗಳು, ಅದನ್ನು ನೋಡಿದಳು. ಅವಳು ಗಾಡಿಗಳ ಸೀಟಿಗೆ ಹೊದಿಕೆ ಹೊಲಿಯುತ್ತಿದ್ದಳು. ಎಲ್ಲರೂ ಅವಳನ್ನು ಗುಮ್ಮಿ ಎನ್ನುತ್ತಿದ್ದರು. ಏಳನೇ ತರಗತಿಯಲ್ಲಿ ಪ್ರಶ್ನೆ ಕೇಳಿದಾಗಲೆಲ್ಲ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಕೂತುಬಿಡುತ್ತಿತ್ತು. ಅಲ್ಲಿಗೇ ಶಾಲೆಯೂ ನಿಂತಿತು. ಮಾತು ನಿಂತ ಕಡೆ ಕಣ್ಣು ಕೆಲಸ ಮಾಡುತ್ತಿತ್ತು.

"ಮೊದಲು ನೆಟ್ಟಗೆ ನಿಲ್ಸೋಣ, ಆಮೇಲೆ ಮಾತಾಡ್ಸೋಣ," ಎಂದ ಮೇಸ್ತ್ರಿ. ಅದು ಅವನ ಪದ್ಧತಿ. ಯಾವ ಗಾಡಿ ಬಂದರೂ ನಡುವಿನ ಸ್ಟ್ಯಾಂಡ್ ಹಾಕಿ, ಹ್ಯಾಂಡಲ್ ನೇರ ಮಾಡಿ, ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡುತ್ತಿದ್ದ. ಅಲುಗುವ ಗಾಡಿಯನ್ನು ಅವನು ಮುಟ್ಟುತ್ತಿರಲಿಲ್ಲ.

ಒಂದು ಕೈಯಲ್ಲಿ ಹ್ಯಾಂಡಲ್ ತಿರುಗಿಸುತ್ತ ಕಲ್ಲು ಸರಿಸಲು ಅವನು ಬಗ್ಗಿದ್ದ. ಕೀಲಿ ತಿರುಗಿಸಿದ ಹಾಗೇ ಗಾಡಿಯಲ್ಲಿತ್ತು. ಹ್ಯಾಂಡಲ್ ನೇರವಾಗುತ್ತಿದ್ದಂತೆ, ಅಷ್ಟು ಹೊತ್ತು ಕಪ್ಪಾಗಿದ್ದ ಹಸಿರು ದೀಪ ಪಕ್ಕನೆ ಹತ್ತಿಕೊಂಡಿತು. ಗೇರು ನ್ಯೂಟ್ರಲ್ಲಿನಲ್ಲಿದೆ ಎಂದು ಹೇಳುವ, ಕಡಲೆಕಾಳಿನಷ್ಟು ದೀಪ. ಗುಮ್ಮಿಯ ಕಾಲು ಮಷೀನಿನ ಮೇಲೆ ನಿಂತಿತು.

ಮೇಸ್ತ್ರಿ ಬ್ಯಾಟರಿಯ ತಂತಿ ಬಿಚ್ಚಿ ಉಜ್ಜಿದ, ಮತ್ತೆ ಬಿಗಿದ. ಪ್ಲಗ್ ಕಳಚಿ ಇಂಜಿನ್ನಿಗೆ ತಾಗಿಸಿ ಹಿಡಿದು ಒದ್ದ. ಚಟ್ ಚಟ್ ಎಂದು ನೀಲಿ ಕಿಡಿ ಹಾರಿತು. "ಕಿಡಿ ಬೆಂಕಿ ಥರ ಇದೆ! ಪ್ಲಗ್ ಹೊಸದು, ಬ್ಯಾಟರಿ ಹೊಸದು, ಕಾರ್ಬುರೇಟರ್ ತೊಳೆದಾಯ್ತು. ಇನ್ನೇನು ಬೇಕಂತೆ ಇದಕ್ಕೆ?"

"ದೃಷ್ಟಿ ತೆಗೀಬೇಕೇನೋ," ಎಂದ ತನ್ನ ಸರದಿಗೆ ಕಾಯುತ್ತ ಹಳೆ ಟಯರಿನ ಮೇಲೆ ಕೂತಿದ್ದ ಹಾಲಿನವನು.

"ಬಾಯಿ ಮುಚ್ಕೊಂಡು ಕೂತ್ಕೊಳಯ್ಯ. ಇಲ್ಲಾಂದ್ರೆ ನಿನ್ನ ಗಾಡಿಗೆ ನಿನ್ನ ನೀರು ಹಾಲನ್ನೇ ಹಾಕ್ತೀನಿ."

ನರ್ಸಮ್ಮ ನಗಲಿಲ್ಲ. ಡಬ್ಬಿಯ ಮುಚ್ಚಳ ಮುಟ್ಟಿ ನೋಡಿದಳು. ಅದರ ಮೂಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಗುಮ್ಮಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಮೊದಲ ಸಲ ಗಾಡಿ ನಿಂತದ್ದು ಶಾಲೆಯ ಗೇಟಿನ ಹತ್ತಿರ. ಅಲ್ಲಿ ಎಡಕ್ಕೇ ತಿರುಗಬೇಕು. ಕ್ವಾರಿಯ ತಿರುವೂ ಎಡಕ್ಕೇ. ಆಸ್ಪತ್ರೆ ಅಂಗಳದಲ್ಲೂ ಹ್ಯಾಂಡಲ್ ಎಡಕ್ಕೆ ಹೊರಳಿಯೇ ಇದ್ದಿರಬೇಕು. ಇಲ್ಲಿ ಮಾತ್ರ ಗಾಡಿ ನೆಟ್ಟಗೆ ನಿಲ್ಲುತ್ತದೆ, ಇಲ್ಲಿ ಮಾತ್ರ ಸರಿಯಾಗಿಬಿಡುತ್ತದೆ.

ಅವಳ ಕಣ್ಣು ಹ್ಯಾಂಡಲ್ಲಿನ ಕುತ್ತಿಗೆಗೆ ಹೋಯಿತು. ಅಲ್ಲಿತ್ತು ಮಾವನ ಜಡೆ.

ಊರಿಗೆಲ್ಲ ಗೊತ್ತಿದ್ದ ಜಡೆ. ಬೇರೆಯವರು ತಂತಿಗಳನ್ನು ಹೇಗೋ ಸುತ್ತಿ ಟೇಪು ಹಚ್ಚಿದರೆ, ಮಾವ ಅವನ್ನು ಹೆಣ್ಣುಮಕ್ಕಳ ತಲೆಗೂದಲಿನಂತೆ ಹೆಣೆದು, ಬಿಗಿದು, ಕಪ್ಪು ದಾರದಿಂದ ಕಟ್ಟುತ್ತಿದ್ದ. ಎರಡು ತಿಂಗಳ ಹಿಂದೆ ಹೊಸ ಹೆಡ್‌ಲೈಟ್ ಹಾಕಿದಾಗ ಈ ಗಾಡಿಗೂ ಹೆಣೆದಿದ್ದ. "ನೋಡಿ, ಒಂದು ಎಳೆ ಆಚೀಚೆ ಇದ್ದರೆ ಹೇಳಿ," ಎಂದು ನರ್ಸಮ್ಮನಿಗೆ ತೋರಿಸಿದ್ದ. ಗಾಡಿ ಕಾಡಿಸಲು ಶುರುಮಾಡಿದ್ದು ಆಮೇಲೆಯೇ.

ಹೇಳಬೇಕು. ಹೇಗೆ ಹೇಳುವುದು? ನಾಲ್ಕು ಜನರೆದುರು, ಮಾವನ ಜಡೆಗೇ ಕೈ ಹಾಕುವುದೆ?

ಅಷ್ಟರಲ್ಲಿ ಮೇಸ್ತ್ರಿ ಒದ್ದ. ಮೊದಲ ಒದೆತಕ್ಕೇ ಇಂಜಿನ್ ಗುಡುಗಿತು.

"ಕೇಳಿ ಸದ್ದು! ಮದುಮಗನ ಥರ ಹೊರಟಿದೆ," ಎಂದ. ಕಲ್ಲು ತೆಗೆದು, ನಿಂತ ಹಾಗೇ ಗಾಡಿಯನ್ನು ನೇರ ಬೀದಿಗೆ ಇಳಿಸಿದ. "ಬ್ಯಾಟರಿ ತಂತೀನೇ ಸಡಿಲ ಇತ್ತು ಅನ್ಸುತ್ತೆ. ಹೊರಡಿ ನರ್ಸಮ್ಮ, ಧೈರ್ಯವಾಗಿ ಹೊರಡಿ."

ನರ್ಸಮ್ಮ ಹೆಲ್ಮೆಟ್ ಏರಿಸಿ ಹತ್ತಿ ಕೂತಳು. ಗಲ್ಲದ ಕೆಳಗೆ ಪಟ್ಟಿ ಸಿಗಿಸಿದಳು. ಕ್ಲಚ್ ಹಿಡಿದಳು.

ಗುಮ್ಮಿ ಎದ್ದಳು. ಮಡಿಲಿನ ಕತ್ತರಿ ನೆಲಕ್ಕೆ ಬಿತ್ತು. ಓಡಿದವಳೇ ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು ಎಡಕ್ಕೆ ಪೂರ್ತಿ ಎಳೆದಳು.

ಇಂಜಿನ್ ಸತ್ತಿತು.

ಬೀದಿಯಲ್ಲಿ ಉಳಿದದ್ದು ಡಬ್ಬಿಯಿಂದ ಬೀಳುವ ಹನಿಯ ಸದ್ದೊಂದೇ.

"ಏನೇ ಇದು!" ಮೇಸ್ತ್ರಿ ಕೂಗಿದ. "ತಲೆ ನೆಟ್ಟಗಿದೆಯೇನೇ? ಹೊರಟಿದ್ದ ಗಾಡೀನ ಕೊಂದುಹಾಕಿದೆಯಲ್ಲೇ!"

ಅವಳು ಹ್ಯಾಂಡಲ್ ಬಿಡಲಿಲ್ಲ. ನೇರಕ್ಕೆ ತಂದಳು: ಹಸಿರು ದೀಪ ಹತ್ತಿತು. ಎಡಕ್ಕೆ ಹೊರಳಿಸಿದಳು: ಆರಿತು. ಮತ್ತೆ ನೇರ. ಮತ್ತೆ ಎಡಕ್ಕೆ.

"ಮಾವ," ಎಂದಳು. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು. "ಕಂಕುಳು ಬಿಗಿ."

ಹಾಲಿನವನು ಗೊಳ್ಳೆಂದು ನಕ್ಕ. "ಗಾಡಿಗೂ ಕಂಕುಳಾ? ಕಚಗುಳಿ ಇಟ್ಟು ಸ್ಟಾರ್ಟ್ ಮಾಡ್ತೀಯಾ ಗುಮ್ಮಿ?"

ಮೇಸ್ತ್ರಿ ನಗಲಿಲ್ಲ. ಹೋದ ವರ್ಷ ಅವನಿಗೆ ಅವಳು ಹೊಲಿದ ಅಂಗಿಯ ಕಂಕುಳಲ್ಲಿ ಬಟ್ಟೆ ಹೆಚ್ಚಾಗಿ ಕಂಡು, "ಇಷ್ಟ್ಯಾಕೆ ದೊಗಳೆ?" ಎಂದು ಅವನು ರೇಗಿದ್ದ. "ಅಷ್ಟು ಬಿಡದಿದ್ರೆ ಕೈ ಎತ್ತಿದಾಗ ಹರಿಯುತ್ತೆ, ಮಾವ," ಎಂದಿದ್ದಳು. ಇಡೀ ವರ್ಷದಲ್ಲಿ ಅವಳಾಡಿದ ಉದ್ದದ ಮಾತು ಅದೇ ಇರಬೇಕು.

ಅವನು ಬಗ್ಗಿದ. ಹ್ಯಾಂಡಲ್ ಎಡಕ್ಕಿದ್ದಾಗ ಬಲಮಗ್ಗುಲಿನ ಜಡೆ ವೀಣೆಯ ತಂತಿಯ ಹಾಗೆ ಸೆಟೆದಿತ್ತು. ಬೆರಳಿಂದ ಮೀಟಿದ.

"ಬ್ಲೇಡ್ ಕೊಡು," ಎಂದ, ತಲೆಯೆತ್ತದೆ.

ತಾನೇ ಕಟ್ಟಿದ ದಾರವನ್ನು ತಾನೇ ಕೊಯ್ದ. ಹೆಣಿಗೆ ಬಿಚ್ಚಿತು. ಕೀಲಿಯಿಂದ ಬರುವ ಕೆಂಪು ತಂತಿಯ ಮೇಲುಹೊದಿಕೆ ಹೊಸದರಂತೆ ಹೊಳೆಯುತ್ತಿತ್ತು. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಅದು ರಬ್ಬರಿನಂತೆ ಉದ್ದವಾಯಿತು. ಒಳಗಿನ ತಾಮ್ರ ತುಂಡಾಗಿತ್ತು. ನೇರ ಇದ್ದಾಗ ತುದಿಗೆ ತುದಿ ತಾಗುತ್ತಿತ್ತು, ಎಳೆದಾಗ ಬಿಡುತ್ತಿತ್ತು.

"ಇದನ್ನ ಹಾಗೇ ಕಳಿಸ್ತಿದ್ದೆ," ಎಂದ. ನರ್ಸಮ್ಮನ ಮುಖ ನೋಡುವುದು ಅವನಿಂದಾಗಲಿಲ್ಲ. "ಆ ತಿರುವಿಗೆ."

ನರ್ಸಮ್ಮ ಹೆಲ್ಮೆಟ್ ತೆಗೆದಳು. "ಈಗ ಕಳಿಸೋ ಥರ ಮಾಡಿ ಮೇಸ್ತ್ರಿ. ಐಸು ಕರಗ್ತಾ ಇದೆ."

ಸತ್ತ ತುಂಡು ಕತ್ತರಿಸಿ, ಹೊಸ ತಂತಿ ಸೇರಿಸಿ, ಬೆಸುಗೆ ಹಾಕಿದ. ಟೇಪು ಸುತ್ತುವ ಮುಂಚೆ ಕೈ ನಿಲ್ಲಿಸಿದ.

"ಎಷ್ಟು ಬಿಡ್ಲಿ?"

ಯಾರನ್ನು ಕೇಳಿದ್ದೆಂದು ಹಾಲಿನವನಿಗೆ ತಿಳಿಯಲಿಲ್ಲ. ಗುಮ್ಮಿ ಹ್ಯಾಂಡಲನ್ನು ಎಡತುದಿಗೆ ಒಯ್ದು ಹಿಡಿದು, ನಾಲ್ಕು ಬೆರಳು ತೋರಿಸಿದಳು. ಮಾವ ನಾಲ್ಕು ಬೆರಳು ಸಡಿಲ ಬಿಟ್ಟ. ನೋಡಲು ಚೆನ್ನಾಗಿರಲಿಲ್ಲ, ಜೋತುಬಿದ್ದ ಜೋಳಿಗೆಯಂತಿತ್ತು.

ಒದ್ದ. ಗುಡುಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಹಸಿರು ದೀಪ ಕಣ್ಣು ಮಿಟುಕಿಸಲಿಲ್ಲ.

ನರ್ಸಮ್ಮ ಹೊರಟಳು. ಬೀದಿಯ ಕೊನೆಯಲ್ಲಿ ಎಡಕ್ಕೊಂದು ತಿರುವಿತ್ತು. ಮೂವರೂ ಅತ್ತಲೇ ಕಿವಿಗೊಟ್ಟು ನಿಂತರು. ಸದ್ದು ತಿರುವಿಗೆ ಹೋಯಿತು, ಸಣ್ಣಗಾಯಿತು, ಆಮೇಲೆ ಗುಡ್ಡದ ಕಡೆ ಏರುತ್ತ ಹೋಯಿತು.

ಮೇಸ್ತ್ರಿ ಹಾಲಿನವನ ಗಾಡಿಯನ್ನು ಒಳಗೆಳೆದುಕೊಂಡ. ಅಭ್ಯಾಸಬಲದಿಂದ ಹ್ಯಾಂಡಲ್ ನೇರ ಮಾಡಿ, ಕಲ್ಲು ಕೊಡಲು ಬಗ್ಗಿದ. ಕಲ್ಲು ಕೈಯಲ್ಲೇ ಉಳಿಯಿತು.

"ಗುಮ್ಮಿ," ಎಂದ. "ಇದೂ ನಾನು ಹೆಣೆದ ಗಾಡೀನೇ. ಬಾ, ಹೊರಳಿಸಿ ನೋಡು."