ಎಳೆ ಬಿಡುವ ಮೊಸರು

ಹಲ್ಲುಜ್ಜುವ ಮೊದಲು, ಯಾರೊಡನೆಯೂ ಮಾತಾಡುವ ಮೊದಲು, ಗಾಜಿನ ಲೋಟದ ನೀರಿಗೆ ಬಾಯಿನೀರನ್ನು ಬಿಟ್ಟು ಹದಿನೈದು ನಿಮಿಷ ಕಾಯಬೇಕು. ಉಗುಳು ಎನ್ನಲು ನನಗೆ ಸಂಕೋಚ, ಬಾಯಿನೀರು ಎಂದುಕೊಳ್ಳುತ್ತಿದ್ದೆ. ಅದು ಮೇಲೆ ತೇಲುತ್ತಿದ್ದರೆ ಹೊಟ್ಟೆ ಚೆನ್ನಾಗಿದೆ. ಬೇರುಗಳ ಹಾಗೆ ಎಳೆ ಎಳೆಯಾಗಿ ಕೆಳಗಿಳಿದರೆ ಕರುಳಿನಲ್ಲಿ ಯೀಸ್ಟ್ ಬೆಳೆದಿದೆ. ಫೋನಿನ ವಿಡಿಯೋದಲ್ಲಿ ನಗುಮುಖದ ಹೆಂಗಸೊಬ್ಬಳು ಹಾಗೆ ಹೇಳಿದ್ದಳು.

ಶಿಕಾರಿಪುರದ ನಮ್ಮ ಮನೆಯಲ್ಲಿ ಎಂಜಲು ಲೋಟವನ್ನು ಹದಿನೈದು ನಿಮಿಷ ಇಡಲು ಜಾಗವೆಲ್ಲಿ? ಅಡುಗೆಮನೆಯಲ್ಲಿ ಆಗದು. ದೇವರಕೋಣೆಯ ಗೋಡೆಗೆ ತಾಗಿದ ನಡುಮನೆಯಲ್ಲೂ ಆಗದು. ಬಚ್ಚಲುಮನೆಯ ಕಿಟಕಿಯಲ್ಲಿ, ಸೀಗೇಪುಡಿಯ ಡಬ್ಬದ ಹಿಂದೆ ಇಡುತ್ತಿದ್ದೆ. ಬೆಳಗಿನ ಬೆಳಕು ಅಲ್ಲಿ ಓರೆಯಾಗಿ ಬಂದು ಲೋಟದಲ್ಲಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಏನೂ ಆಗುತ್ತಿರಲಿಲ್ಲ. ಆಮೇಲೆ ಒಂದು ಎಳೆ, ಯಾವ ಅವಸರವೂ ಇಲ್ಲದೆ, ಇಳಿಯಲು ಶುರುಮಾಡುತ್ತಿತ್ತು. ಅದರ ಹಿಂದೆ ಇನ್ನೊಂದು. ನೋಡುತ್ತ ನಿಂತರೆ ಅದು ಲೋಟವೆನ್ನುವುದೇ ಮರೆತುಹೋಗುತ್ತಿತ್ತು. ಗುಡವಿಯ ಕೆರೆಯಲ್ಲಿ ಅರ್ಧ ಮುಳುಗಿ ನಿಂತ ಮರಗಳು ನೀರಿನೊಳಗೆ ತಲೆಕೆಳಗಾಗಿ ಕಾಣುವುದಿಲ್ಲವೇ, ಹಾಗೆ. ಸಣ್ಣವಳಿದ್ದಾಗ ಅವ್ವ ಸೊರಬದಿಂದ ನನ್ನನ್ನು ಅಲ್ಲಿಗೆ ಕರೆದೊಯ್ದಿದ್ದಳು. ಕೊಂಬೆಗಳ ತುಂಬ ಬಿಳಿ ಹಕ್ಕಿಗಳು. ಈಗ ನನ್ನ ನಾಲಿಗೆಯ ಮೇಲೂ ಹಾಗೇ ಬಿಳಿ ಕೂತಿತ್ತು, ಉಜ್ಜಿದರೆ ಎದ್ದುಹೋಗಿ ಮತ್ತೆ ಬಂದು ಕೂರುತ್ತಿತ್ತು.

ಇದೆಲ್ಲ ಶುರುವಾದದ್ದು ದವಡೆಹಲ್ಲು ಕೀಳಿಸಿದ ಮೇಲೆ. ಕೀವು ಆಗದಿರಲೆಂದು ಒಮ್ಮೆ ಮಾತ್ರೆ, ಆಗಿಯೇ ಬಿಟ್ಟಿತೆಂದು ಮತ್ತೊಮ್ಮೆ ಮಾತ್ರೆ. ಅದು ಮುಗಿಯುವಾಗ ನಾಲಿಗೆ ಬಿಳಿಯಾಗಿತ್ತು, ಹೊಟ್ಟೆ ಉಬ್ಬುತ್ತಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಕೆಲಸ; ಗೊತ್ತಿಲ್ಲದ್ದನ್ನು ಹುಡುಕಿ ಓದುವುದು ಅಭ್ಯಾಸವಾಗಿಬಿಟ್ಟಿದೆ. ಹುಡುಕಿದೆ. ಇಪ್ಪತ್ತೆರಡು ಪ್ರಶ್ನೆಗಳ ಪಟ್ಟಿಯೊಂದು ಸಿಕ್ಕಿತು. ಸಿಹಿ ತಿನ್ನಬೇಕೆನಿಸುತ್ತದೆಯೇ? ಮಧ್ಯಾಹ್ನ ಜೊಂಪು ಹತ್ತುತ್ತದೆಯೇ? ಹೇಳಬೇಕಾದ ಮಾತು ಮರೆತುಹೋಗುತ್ತದೆಯೇ? ಡಾಕ್ಟರು ಏನೂ ಇಲ್ಲವೆಂದು ಕಳಿಸಿದ್ದಾರೆಯೇ? ಡಾಕ್ಟರ ಹತ್ತಿರ ನಾನು ಹೋಗಿಯೇ ಇರಲಿಲ್ಲ. ಹೋದರೆ ಹಾಗೇ ಹೇಳುತ್ತಾರೆಂದು ಅದಕ್ಕೂ ಹೌದು ಎಂದು ಗುರುತು ಹಾಕಿದೆ.

ಸಕ್ಕರೆ, ಬೆಲ್ಲ, ಬಾಳೆಹಣ್ಣು ಬಿಟ್ಟೆ. ಗೋಧಿ ಬಿಟ್ಟೆ. ಹುಳಿಬಂದ ಹಿಟ್ಟಿನ ದೋಸೆ, ಇಡ್ಲಿ ಬಿಟ್ಟೆ. ಮೂರನೇ ವಾರ ಅನ್ನವನ್ನೂ ಬಿಟ್ಟೆ. ಉಳಿದದ್ದು ಸೊಪ್ಪು, ಸೌತೆಕಾಯಿ, ಬೇಯಿಸಿದ ಹೆಸರುಕಾಳು, ಬೆಳ್ಳುಳ್ಳಿ, ಬರಿಹೊಟ್ಟೆಗೆ ಒಂದು ಚಮಚ ಕೊಬ್ಬರಿ ಎಣ್ಣೆ, ಮತ್ತೆ ಕೊರಿಯರಿನಲ್ಲಿ ಬರುತ್ತಿದ್ದ ಮೂರು ಬಣ್ಣದ ಕ್ಯಾಪ್ಸೂಲುಗಳು. ತಲೆ ಸಿಡಿದರೆ, ಹೊಟ್ಟೆ ಉರಿದರೆ ಒಳಗೆ ಯೀಸ್ಟ್ ಸಾಯುತ್ತಿದೆ ಎಂದು ವಿಡಿಯೋದ ಹೆಂಗಸು ಹೇಳಿದಳು. ನನಗೆ ಸಂತೋಷವೇ ಆಯಿತು.

"ಏನವ್ವಾ, ಹಬ್ಬದ ದಿನಾನೂ ಸೌತೆಕಾಯೇನಾ?" ಎಂದರು ಅತ್ತೆ ನೀಲಾಂಬಿಕ. "ಆಕಳೂ ಒಂದೊಂದ್ಸಲ ಮುಖ ತಿರುಗಸ್ತೈತಿ ಅದನ್ನ ಕಂಡ್ರೆ."

ಒಂದು ಬೆಳಿಗ್ಗೆ ಅವರು ಸೀಗೇಪುಡಿ ತೆಗೆಯಲು ಹೋಗಿ ಲೋಟ ಕಂಡರು. ಅದನ್ನು ಬೆಳಕಿಗೆ ಹಿಡಿದು, "ಇದೇನು, ತೀರ್ಥನಾ?" ಎಂದರು.

ಸುಳ್ಳು ಹೇಳಲು ಬರಲಿಲ್ಲ. ಹೇಳಿದೆ. ಅವರು ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಟ್ಟು ಹೋಗಿ ಮತ್ತೊಮ್ಮೆ ಸ್ನಾನ ಮಾಡಿದರು.

ನನ್ನ ಗಂಡ ಸಂಗಮೇಶ್‌ಗೆ ಶಿರಾಳಕೊಪ್ಪದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಅವರು ನಕ್ಕುಬಿಟ್ಟರು. "ಇವಳು ಲೋಟದಾಗೆ ಭವಿಷ್ಯ ನೋಡ್ತಾಳೆ ಕಣವ್ವಾ. ಸಿಮೆಂಟ್ ರೇಟು ಯಾವಾಗ ಇಳಿತೈತಿ ಅಂತಾನೂ ಸ್ವಲ್ಪ ನೋಡ್ಸು."

ಎಲ್ಲ ಬಿಟ್ಟ ಮೇಲೂ ಒಂದನ್ನು ಬಿಡಲಾಗಿರಲಿಲ್ಲ, ಅವ್ವನ ಮೊಸರು.

ಹದಿನಾಲ್ಕು ವರ್ಷದ ಹಿಂದೆ ಮದುವೆಯಾಗಿ ಹೊರಟಾಗ ಅವ್ವ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹೆಪ್ಪು ಹಾಕಿ, ದೃಷ್ಟಿಯಾಗದಿರಲೆಂದು ಒಂದು ಒಣಮೆಣಸಿನಕಾಯಿ ಇಟ್ಟು ಕೊಟ್ಟಿದ್ದಳು. ಅಂದಿನಿಂದ ಆ ಮೊಸರೇ ನಾಳೆಯ ಮೊಸರಿಗೆ ಹೆಪ್ಪು, ಅದು ಮರುದಿನದ್ದಕ್ಕೆ. ಮೊದಲ ತುತ್ತಿಗೆ ಸಿಹಿ, ಕೊನೆಗೆ ಒಂದು ಚೂರು ಹುಳಿ. ಚಮಚ ಎತ್ತಿದರೆ ತುದಿಯಿಂದ ಸಣ್ಣ ಎಳೆಯೊಂದು ಕಡಿಯದೆ ಇಳಿಯುತ್ತಿತ್ತು. ಬೇರೆ ಯಾರ ಮೊಸರೂ ಹಾಗೆ ಎಳೆ ಬಿಡುವುದನ್ನು ನಾನು ನೋಡಿರಲಿಲ್ಲ. ಅವ್ವ ತೀರಿಕೊಂಡು ಮೂರು ವರ್ಷ. ಅವಳ ಸೀರೆಗಳಲ್ಲಿ ಅವಳ ವಾಸನೆ ಹೋಗಿದೆ. ಮೊಸರು ಮಾತ್ರ ದಿನಾ ಬೆಳಿಗ್ಗೆ ಹೊಸದಾಗಿ ಹುಟ್ಟುತ್ತಿತ್ತು.

ಕಾಲೇಜಿಗೆ ಪರೀಕ್ಷೆಯ ರಜೆ, ಗ್ರಂಥಾಲಯದಲ್ಲಿ ನಾನೊಬ್ಬಳೇ. ಮಧ್ಯಾಹ್ನ ಮೇಜಿನ ಮೇಲೆ ತಲೆಯಿಟ್ಟಿದ್ದೆ. ಕೆರೆಯ ದಡದಲ್ಲಿ ಅವ್ವ ಕೂತಿದ್ದಳು. ಚಮಚ ಎತ್ತುತ್ತಿದ್ದಳು, ಎತ್ತುತ್ತಲೇ ಇದ್ದಳು, ಎಳೆ ಉದ್ದವಾಗಿ ನೀರಿಗಿಳಿದು ಮುಳುಗಿದ ಮರಗಳ ನಡುವೆ ಹಾದು ನನ್ನ ಬಾಯೊಳಗೆ ಬರುತ್ತಿತ್ತು. ನಾನು ನೀರಿನ ತಳದಲ್ಲಿದ್ದೆ. ಮೇಲೆ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಎಚ್ಚರವಾದಾಗ ಫ್ಯಾನು ಪುಸ್ತಕವೊಂದರ ಹಾಳೆಗಳನ್ನು ಮಗುಚುತ್ತಿತ್ತು. ಮನೆಗೆ ಬಂದವಳೇ ಮೊಸರಿನ ಕುಡಿಕೆಯ ಮುಚ್ಚಳ ತೆಗೆದು ಚಮಚ ಎತ್ತಿದೆ. ಎಳೆ. ಲೋಟದಲ್ಲಿ ಇಳಿಯುತ್ತಿದ್ದದ್ದೂ ಇದೇ ಎಳೆ. ಹದಿನಾಲ್ಕು ವರ್ಷ ನನ್ನೊಳಗೆ ಬೆಳೆದದ್ದು ಇಲ್ಲಿಂದ ಎನಿಸಿತು. ಕುಡಿಕೆಯನ್ನು ಪೂರ್ತಿ ಮೋರಿಗೆ ಸುರಿದೆ. ಕುದಿಯುವ ನೀರು ಹಾಕಿ ತೊಳೆದು ಬೋರಲು ಹಾಕಿದೆ.

"ಒಡೀತೇನು?" ಎಂದರು ಅತ್ತೆ.

"ಇಲ್ಲತ್ತಿ. ಚೆಲ್ಲಿದೆ."

"ಪೂರಾ?"

"ಪೂರಾ."

"ಹೆಪ್ಪಿಗೂ ಇಟ್ಟಿಲ್ಲಾ?"

ಅವರು ಏನಾದರೂ ಚುಚ್ಚಿ ಆಡುತ್ತಾರೆಂದು ಕಾದೆ. ಅವರು ಬೋರಲು ಹಾಕಿದ ಕುಡಿಕೆಯನ್ನೊಮ್ಮೆ ನೋಡಿ ಒಳಗೆ ಹೋದರು. ಮರುದಿನದಿಂದ ಮನೆಗೆ ಪ್ಯಾಕೆಟ್ ಮೊಸರು ಬಂತು. ಅದು ಕತ್ತರಿಸಿಟ್ಟ ಹಾಗೆ ಬಟ್ಟಲಿಗೆ ಬೀಳುತ್ತಿತ್ತು. ಎಳೆಯಿರಲಿಲ್ಲ. ಬಚ್ಚಲಿನ ಕಿಟಕಿಯ ಲೋಟದಲ್ಲಿ ಮಾತ್ರ ಎಳೆಗಳು ಮೊದಲಿನ ಹಾಗೇ ಇಳಿಯುತ್ತಿದ್ದವು, ಒಂದೂ ಕಡಿಮೆಯಾಗದೆ.

ಹನ್ನೆರಡನೇ ದಿನ ಗ್ರಂಥಾಲಯದ ಸ್ಟೂಲಿನ ಮೇಲೆ ನಿಂತು ಪುಸ್ತಕ ಇಡುವಾಗ ಕಪಾಟುಗಳೆಲ್ಲ ನಿಧಾನವಾಗಿ ಒಂದು ಕಡೆಗೆ ವಾಲಿದವು. ಬಿದ್ದದ್ದು ನಾನು ಎಂದು ನೆಲ ತಾಗಿದ ಮೇಲೆ ತಿಳಿಯಿತು. ಸಂಗಮೇಶ್ ನಗಲಿಲ್ಲ. ಅಂಗಡಿ ಮುಚ್ಚಿ ಬಂದು ಶಿರಾಳಕೊಪ್ಪದ ಡಾಕ್ಟರ್ ಶಾಲಿನಿಯ ಹತ್ತಿರ ಕರೆದೊಯ್ದರು.

ಆಕೆ ನಾಲಿಗೆ ನೋಡಿದರು, ಬಿಳಿಯನ್ನು ಮೆಲ್ಲಗೆ ಕೆರೆದು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ನನ್ನ ಕ್ಯಾಪ್ಸೂಲುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಓದಿದರು.

"ಬಾಯಲ್ಲಿರೋದು ಫಂಗಸ್ಸೇ. ಅದನ್ನ ನೀವು ಸರಿಯಾಗೇ ಕಂಡುಹಿಡಿದಿದ್ದೀರಿ. ಎರಡು ಸಲ ಆಂಟಿಬಯಾಟಿಕ್ ತಗೊಂಡ್ರಲ್ಲ, ಅದರಿಂದ ಬಂದಿರಬೇಕು. ಕೆಲವರಿಗೆ ಶುಗರ್ ಇದ್ರೂ ಹೀಗಾಗುತ್ತೆ, ಅದಕ್ಕೇ ನೋಡಿದೆ. ನಿಮಗಿಲ್ಲ. ಎರಡು ವಾರ ಬಾಯಿಗೆ ಈ ಹನಿ ಔಷಧಿ ಹಾಕ್ಕೊಳ್ಳಿ, ಹೋಗುತ್ತೆ. ಹೋಗಲಿಲ್ಲ ಅಂದ್ರೆ ಮತ್ತೆ ಬನ್ನಿ."

"ಕರುಳಲ್ಲಿರೋದು?"

"ಕರುಳಲ್ಲಿ ಎಲ್ಲರಿಗೂ ಒಂದಿಷ್ಟು ಇರುತ್ತೆ. ನನಗೂ ಇದೆ, ನಿಮ್ಮ ಯಜಮಾನರಿಗೂ ಇದೆ. ಇದ್ದ ಮಾತ್ರಕ್ಕೆ ಕಾಯಿಲೆ ಅಲ್ಲ."

"ಲೋಟದಲ್ಲಿ ಬೇರು ಇಳಿತಾವಲ್ಲ ಡಾಕ್ಟ್ರೇ?"

"ಉಗುಳು ನೀರಲ್ಲಿ ಇಳಿಯೋದೇ ಹಾಗೆ. ನಂದೂ ಇಳಿಯುತ್ತೆ. ಲೋಟ ತರಿಸ್ಲಾ?"

ಉಗುಳು ಎಂಬ ಶಬ್ದವನ್ನು ಆಕೆ ಎಷ್ಟು ಸಲೀಸಾಗಿ ಹೇಳಿದರು! ನಾನು ಬೇಡವೆಂದು ತಲೆಯಾಡಿಸಿದೆ. ತಲೆ ತಿರುಗುವುದು, ಸುಸ್ತು ಎಲ್ಲ ಊಟ ಬಿಟ್ಟದ್ದಕ್ಕೆ, ಹೊಟ್ಟೆಯ ಉರಿ ಕ್ಯಾಪ್ಸೂಲಿಗೆ ಎಂದರು. ಅವನ್ನು ನಿಲ್ಲಿಸಿ, ಅನ್ನ ಉಣ್ಣಿ ಎಂದರು.

"ಮೊಸರು?" ಎಂದೆ.

"ತಿನ್ನಿ. ಔಷಧಿ ಅಂತಲ್ಲ, ಊಟ ಅಂತ."

ಬೈಕಿನ ಹಿಂದೆ ಕೂತು ಬರುವಾಗ ಕಣ್ಣಿನಲ್ಲಿದ್ದದ್ದು ಬೋರಲು ಹಾಕಿದ ಕುಡಿಕೆ ಒಂದೇ. ನಾಲಿಗೆ ಎಂಟು ದಿನದಲ್ಲಿ ಕೆಂಪಾಯಿತು. ಅನ್ನ ಸೇರಿತು. ಪ್ಯಾಕೆಟ್ಟಿನ ಮೊಸರು ಕಲಸಿದರೆ ಮಾತ್ರ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಅದನ್ನು ಅತ್ತೆ ನೋಡಿದರು.

"ಹೆಪ್ಪು ಅಂದ್ರೆ ಒಬ್ಬರ ಮನ್ಯಾಗೇ ಇರ್ತೈತೇನು?" ಎಂದರು. "ನಿಮ್ಮವ್ವ ಕೇರಿಗೆಲ್ಲ ಕೊಟ್ಟಿರ್ತಾಳ. ಅಳ್ತಾ ಕುಂದರೋ ಬದ್ಲು ಹೋಗಿ ಇಸ್ಕಂಬಾ."

ಅದೇ ಸ್ಟೀಲ್ ಡಬ್ಬಿ ಹಿಡಿದು ಸೊರಬದ ಬಸ್ಸು ಹತ್ತಿದೆ. ಅಣ್ಣನ ಮನೆಯಲ್ಲಿ ಅತ್ತಿಗೆ ಫ್ರಿಜ್ ತೆರೆದು ತೋರಿಸಿದಳು, ಅಲ್ಲೂ ಪ್ಯಾಕೆಟ್ಟು. ಕೇರಿಯ ಐದು ಮನೆ ತಿರುಗಿದೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು ಅವ್ವ ಅದಕ್ಕೂ ಮೊದಲೇ ಕೊಡುತ್ತಿದ್ದ ಮನೆಗಳವು. ಕೊನೆಯ ಮನೆಯ ಗುರುಮಲ್ಲಪ್ಪನವರ ಹೆಂಡತಿ, "ಹೆಪ್ಪಾ? ನಮ್ಮನೇಲೂ ಎರಡು ದಿನಕ್ಕೊಂದು ಪ್ಯಾಕೆಟ್ಟೇ ಮಾರಾಯ್ತಿ. ಬೇಕಾರೆ ಅದ್ರಲ್ಲೇ ಒಂದು ಚಮಚ ಕೊಡ್ಲಾ?" ಎಂದು ನಕ್ಕರು.

ಅಣ್ಣನ ಮನೆಯ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಂದು ಕೂತೆ. ಡಬ್ಬಿ ಖಾಲಿ. ಬಿಸಿಲು ಬೇಲಿಯ ಮೇಲೆ ಮಲಗಿತ್ತು. ಬೇಲಿಯಾಚೆ ಹುಲಿಯಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಆಚೆಯ ಕೇರಿಯವಳು. ನಮ್ಮ ಅಜ್ಜಿ, ಅಪ್ಪನ ತಾಯಿ, ಬದುಕಿದ್ದಾಗ ಆ ಮನೆಯ ನೆರಳೂ ಈಚೆ ಬೀಳುವಂತಿರಲಿಲ್ಲ.

"ಯಾರದು, ಗಂಗವ್ವನಾ? ಹಿಂಗೆ ಒಣಗಿ ಹೋಗೀಯಲ್ಲೇ! ಗಂಡ ಊಟಕ್ಕೆ ಹಾಕಲ್ವನಾ?"

"ಹಾಕ್ತಾರೆ ಹುಲಿಯಮ್ಮಜ್ಜೀ. ನಾನೇ ಬಿಟ್ಟಿದ್ದೆ."

ಸಣ್ಣವಳಿದ್ದಾಗ ಬರೀ ಹೆಸರು ಹಿಡಿದು ಕೂಗುತ್ತಿದ್ದೆ. ಅಜ್ಜಿ ಎಂದದ್ದು ಇದೇ ಮೊದಲು. ಅವಳು ಹುಲ್ಲು ಹಾಕುವುದನ್ನು ನಿಲ್ಲಿಸಿ ಬೇಲಿಯ ಹತ್ತಿರ ಬಂದಳು.

"ಎಂತಕ್ಕೆ ಬಿಟ್ಟಿದ್ದು?"

"ಹೊಟ್ಟೇಲಿ ಏನೋ ಬೆಳೆದಿದೆ ಅಂತ."

"ಹೊಟ್ಟೇಲಿ ಬೆಳೆಯೋದು ನಂಗೆ ಗೊತ್ತಿರಾದು ಒಂದೇ. ಅದು ಒಂಬತ್ತು ತಿಂಗ್ಳಿಗೆ ತಾನೇ ಹೊರಗೆ ಬರ್ತದೆ."

ನನಗೂ ನಗು ಬಂತು, ನಗುವಿನ ಹಿಂದೆಯೇ ಅಳು. ಅವ್ವನ ಮೊಸರು ಚೆಲ್ಲಿದ್ದನ್ನು ಹೇಳಿದೆ. ಐದು ಮನೆ ತಿರುಗಿದ್ದನ್ನೂ ಹೇಳಿದೆ.

"ಅಜ್ಜೀ, ಅವ್ವ ನಿನಗೇನಾದ್ರೂ ಹೆಪ್ಪು ಕೊಟ್ಟಿದ್ಲಾ?"

ಹುಲಿಯಮ್ಮ ನನ್ನನ್ನೇ ನೋಡಿದಳು. "ಅವಳು ನಂಗೆ ಕೊಡಾದಾ?" ಎಂದಳು. "ನಿಮ್ಮವ್ವ ಆಗಿನ್ನೂ ಹೊಸ ಸೊಸೆ. ನೀವ್ಯಾರೂ ಹುಟ್ಟಿರ್ಲಿಲ್ಲ. ಹೆಪ್ಪು ಹಾಳು ಮಾಡ್ಕಂಡು, ಅತ್ತೆ ಬೈತಾಳೆ ಅಂತ ಅಲ್ಲೇ, ನೀ ಕುಂತ ಕಲ್ಲಿನ ಮೇಲೇ ಅಳ್ತಾ ಕುಂತಿದ್ಲು. ನಾನು ಬೇಲಿ ಸಂದೀಲಿ ಒಂದು ಲೋಟ ಕೊಟ್ಟೆ. ಸೆರಗಲ್ಲಿ ಮುಚ್ಕಂಡು ಹೋದ್ಲು."

"ನಮ್ಮಜ್ಜಿಗೆ ಗೊತ್ತಾಗ್ಲಿಲ್ವಾ?"

"ನಿಮ್ಮಜ್ಜಿ ಸಾಯೋವರೆಗೂ ಉಂಡಿದ್ದು ಅದನ್ನೇ. ನಮ್ಮನೆ ಮೊಸರಿನ ರುಚಿ ಕೇರೀಲೇ ಇಲ್ಲ ಅಂತ ಎಲ್ಲರ ಹತ್ರ ಹೇಳಾದು. ನಿಮ್ಮವ್ವ ಬಂದು ಇಲ್ಲಿ ಅದನ್ನ ಹೇಳಾದು. ನಾವಿಬ್ರೂ ಬಾಯಿಗೆ ಸೆರಗು ತುರುಕ್ಕಂಡು ನಗಾದು."

ಬೇಲಿಯ ಸಂದಿ ಈಗಲೂ ಅಲ್ಲೇ ಇತ್ತು, ಒಂದು ಲೋಟ ದಾಟುವಷ್ಟು. ನಾನು ಎದ್ದು ಸುತ್ತು ಬಳಸಿ, ಮುಂದಿನ ದಾರಿಯಿಂದ ಹುಲಿಯಮ್ಮನ ಮನೆಗೆ ಹೋದೆ. ಅವಳು ಕುಡಿಕೆ ತಂದು ಚಮಚ ಎತ್ತಿದಳು. ಎಳೆ ಇಳಿಯಿತು, ತೂಗಿತು, ಕಡಿಯಲಿಲ್ಲ. ಅಲ್ಲೇ ಕೂತು ಒಂದು ಬಟ್ಟಲು ಮೊಸರನ್ನ ಉಂಡೆ. ಮೊದಲು ಸಿಹಿ, ಕೊನೆಗೆ ಒಂದು ಚೂರು ಹುಳಿ. ಅವಳು ಡಬ್ಬಿ ತುಂಬಿ, ಒಂದು ಒಣಮೆಣಸಿನಕಾಯಿ ಹಾಕಿ ಮುಚ್ಚಿದಳು.

"ದೀಪ ಹಚ್ಚೋದ್ರೊಳಗೆ ಕೊಟ್ಟಾಗಿದೆ. ಹೊರಡು ಇನ್ನು."

ಬಸ್ಸಿನಲ್ಲಿ ಡಬ್ಬಿಯನ್ನು ಮಡಿಲಲ್ಲಿ ಅಲುಗದಂತೆ ಹಿಡಿದಿದ್ದೆ. ಗದ್ದೆಗಳ ಮೇಲೆ ಬಿಳಿ ಹಕ್ಕಿಗಳ ಸಾಲೊಂದು ಗುಡವಿಯ ಕಡೆಯಿಂದ ಬರುತ್ತಿತ್ತು. ಎಷ್ಟೋ ಹೊತ್ತು ಅದು ನಮ್ಮ ಜೊತೆಗೇ ಬಂದಂತೆ ತೋರಿತು. ಕಣ್ಣು ಮುಚ್ಚಿ ತೆಗೆದಾಗ ಆಕಾಶ ಖಾಲಿಯಿತ್ತು. ಅತ್ತೆಗೆ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಹಿತ್ತಲ ಮನೆಯದು ಎಂದರೆ ಸುಳ್ಳಾಗುವುದಿಲ್ಲ. ಪರಿಚಯದವರದು ಎಂದರೂ ಆದೀತು. ನಿಜ ಹೇಳಿ, ಅತ್ತೆ ಡಬ್ಬಿಯನ್ನು ಎರಡು ಬೆರಳಲ್ಲಿ ಹಿಡಿದು ಕೆಳಗಿಟ್ಟರೆ?

ಅತ್ತೆ ಆಗತಾನೆ ಪೂಜೆ ಮುಗಿಸಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ಸಿಕ್ತಾ? ಯಾರ ಮನೇದು?"

ಅವ್ವ ಸೆರಗಲ್ಲಿ ಮುಚ್ಚಿ ತಂದದ್ದು ನೆನಪಾಯಿತು. "ಹುಲಿಯಮ್ಮನ ಮನೇದು ಅತ್ತಿ. ಆಚೆ ಕೇರಿಯವಳು. ಅವ್ವಂದು ಅಂತ ನಾವು ಹದಿನಾಲ್ಕು ವರ್ಷ ಉಂಡಿದ್ದೂ ಅವಳದೇ."

ಅತ್ತೆ ಡಬ್ಬಿಯನ್ನು ನೋಡಿದರು. ಒಲೆಯ ಮೇಲೆ ಹಾಲಿನ ಪಾತ್ರೆ ಇತ್ತು. ಅದರ ಮುಚ್ಚಳ ಸರಿಸುತ್ತ, "ಹದಿನಾಲ್ಕು ವರ್ಷನಾ?" ಎಂದರು.

"ಹೂಂ."

"ನಿನಗಿಂತ ನಾನೇ ಜಾಸ್ತಿ ಉಂಡೀನಿ ಹಂಗಾರೆ." ಪಾತ್ರೆಗೆ ಬೆರಳು ತಾಗಿಸಿ ನೋಡಿದರು. "ಹಾಲು ಉಗುರುಬೆಚ್ಚಗೈತಿ. ನಿಂತ್ಕಂಡು ಏನ್ ನೋಡ್ತಿ? ಆರೋದ್ರೊಳಗೆ ಹಾಕು."

ಬೆಳಿಗ್ಗೆ ಎದ್ದವಳೇ ಕುಡಿಕೆಯ ಮುಚ್ಚಳ ತೆಗೆದೆ. ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಚಮಚವನ್ನು ಮೆಲ್ಲಗೆ ಮೇಲೆತ್ತಿದೆ, ಇನ್ನೂ ಮೇಲೆತ್ತಿದೆ. ಎಳೆ ಬರುತ್ತಲೇ ಇತ್ತು.

"ಹಲ್ಲುಜ್ಜೀಯೇನವ್ವಾ?" ಹಿಂದಿನಿಂದ ಅತ್ತೆಯ ದನಿ. "ಎದ್ದಂಗೇ ಬಂದು ಮೊಸರು ಮುಟ್ಟೀಯಲ್ಲ!"