ಹೂಂಗುಟ್ಟುವವರು

ಬಿಳಿ ಬಟ್ಟೆ ಹೊದ್ದು ಕೂತರೆ ಲೋಕವೆಲ್ಲ ಹಾಲಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಚಿಕ್ಕಿ ಸ್ಟೂಲಿನ ಮೇಲೆ ಹಾಗೆ ಕೂತು, ತೊಡೆಯ ಮೇಲೆ ಅಕ್ಕನ ಮಗ ಗುಂಡನನ್ನು ನೆಟ್ಟಗೆ ಹಿಡಿದಿದ್ದಳು. ಪುಟ್ಟ ಮಕ್ಕಳ ಪಾಸ್‌ಪೋರ್ಟ್ ಫೋಟೋ ಎಂದರೆ ಸುಮ್ಮನೆ ಅಲ್ಲ. ಹಿಂದೆ ಬಿಳುಪಿರಬೇಕು, ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದವರ ಬೆರಳ ತುದಿಯೂ ಕಾಣಬಾರದು. ಈ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಚಿಕ್ಕಿ ಊರ ಮಕ್ಕಳಿಗೆಲ್ಲ ಗೋಡೆಯಾಗಿದ್ದಾಳೆ. ಆದರೆ ಸ್ವಂತ ಮನೆಯ ಮಗುವಿಗೆ ಗೋಡೆಯಾಗುವುದು ಇದೇ ಮೊದಲು.

“ಬಾಯಿ ಮುಚ್ಚಿಸಮ್ಮ,” ಎಂದರು ಯಜಮಾನರು, ಕ್ಯಾಮೆರಾದ ಹಿಂದಿನಿಂದ. “ಇವನ ಬಾಯಲ್ಲಿ ಬೆಳಗ್ಗೆ ತಿಂದಿದ್ದೆಲ್ಲ ಕಾಣ್ತಿದೆ. ವಿಮಾನದವರು ಹೆದರ್ಕೋತಾರೆ.”

ಬಟ್ಟೆಯೊಳಗಿಂದ ಚಿಕ್ಕಿ ಮೆಲ್ಲಗೆ ಶುರು ಮಾಡಿದಳು. “ಒಂದೂರಲ್ಲಿ ಒಬ್ಬ ರಾಜ ಇದ್ದ.”

ಗುಂಡ ಅಲುಗಾಡುವುದನ್ನು ನಿಲ್ಲಿಸಿದ.

“ಅವನ ಮುಂದೆ ಯಾರು ಬಾಯಿ ಬಿಟ್ರೂ ಕುಂಬಳಕಾಯಿ ಆಗ್ಬಿಡ್ತಿದ್ರು.”

“ಹೂಂ,” ಎಂದ ಗುಂಡ, ತುಟಿ ಎರಡನ್ನೂ ಒತ್ತಿ ಹಿಡಿದು. ಕ್ಯಾಮೆರಾ ಕ್ಲಿಕ್ಕೆಂದಿತು.

“ಗೋಡೆ ಕಥೆ ಹೇಳ್ತಿದೆ,” ಎಂದಳು ಬಾಗಿಲ ಬಳಿ ಬೆಂಚಿನ ಮೇಲಿದ್ದ ಅವನ ಅಕ್ಕ. ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ, ಆದರೆ ಬಾಯಿ ಬಿಟ್ಟರೆ ನಿಲ್ಲುವವಳಲ್ಲ. ಅದಕ್ಕೇ ಮನೆಯಲ್ಲಿ ಅವಳ ಹೆಸರು ಪಟಾಕಿ.

ಹೂಂಗುಟ್ಟುವುದು ಆ ಮನೆಯ ಮಕ್ಕಳಿಗೆ ಮೊಲೆಹಾಲಿನ ಜತೆಗೇ ಬಂದದ್ದು. ಚಿಕ್ಕಿಯನ್ನೂ ಅವಳ ಅಕ್ಕನನ್ನೂ ಸಾಕಿದ ಅಜ್ಜಿ ಹೇಳುತ್ತಿದ್ದಳು: ಹೇಳುವವರು ಒಂದು ಹೆಜ್ಜೆ ಇಟ್ಟರೆ ಕೇಳುವವರು ಒಂದು ಹೂಂ ಇಡಬೇಕು. ಇಲ್ಲದಿದ್ದರೆ ಕಥೆಯವರೆಲ್ಲ ದಾರಿಯಲ್ಲೇ ನಿಂತುಬಿಡುತ್ತಾರೆ, ರಾಜಕುಮಾರ ಎತ್ತಿದ ಕಾಲು ಎತ್ತಿದ ಹಾಗೇ. ಅಜ್ಜಿ ಹೋದ ಮೇಲೆ ಕಥೆಗಳು ಚಿಕ್ಕಿಯ ಪಾಲಿಗೆ ಬಂದವು. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ನಿಲ್ಲುವ ಅಕ್ಕ ಮನೆಗೆ ಬರುವಷ್ಟರಲ್ಲಿ ಮಕ್ಕಳು ಚಿಕ್ಕಿಯ ಎರಡೂ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದವು.

ಪರದೇಶಕ್ಕೆ ಹೋಗಿಬರುವ ಮಾತು ಎದ್ದಾಗಿನಿಂದ ಮನೆಯ ನಡುಕೋಣೆ ಸಂತೆಯಾಗಿತ್ತು. ಭಾವ ಲಿಫ್ಟ್ ರಿಪೇರಿಯವನು. ದಿನವಿಡೀ ಕತ್ತಲೆ ಗುಂಡಿಯಲ್ಲಿ ಹಗ್ಗ ನೋಡುವವನಿಗೆ ಬೆಟ್ಟದ ಮೇಲೆ ತಂತಿಯಲ್ಲಿ ತೂಗಾಡುವ ಗಾಡಿ ಹತ್ತುವ ಆಸೆ. ಅಕ್ಕನಿಗೆ ಸಮುದ್ರ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಇಬ್ಬರೂ ಎಳೆದಾಡಿ ಕೊನೆಗೆ ತಿರುಗುತ್ತಿದ್ದುದು ಚಿಕ್ಕಿಯ ಕಡೆಗೆ.

“ನೀನೇ ಹೇಳು ಚಿಕ್ಕಿ, ಗುಂಡ ಹಡಗಲ್ಲಿ ಕೂರ್ತಾನಾ?”

“ಕೂರ್ತಾನೆ. ಆದ್ರೆ ಹೊಟ್ಟೆ ತುಂಬಿಸಿ ಕೂರಿಸ್ಬಾರದು.”

“ಬೆಳಗಿನ ವಿಮಾನ ಒಳ್ಳೇದೋ, ಸಂಜೇದೋ?”

“ಸಂಜೇದು. ಹತ್ತಿದ ಕೂಡ್ಲೇ ಮಲಗಿಸ್ಬಹುದು.”

“ನೋಡು, ಇವಳಿಲ್ದಿದ್ರೆ ನಮ್ಮ ಗತಿ ಏನು,” ಎನ್ನುತ್ತಿದ್ದ ಭಾವ.

ಆ ಮಾತು ಕೇಳಿದಾಗಲೆಲ್ಲ ಚಿಕ್ಕಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾರೂ ಅವಳನ್ನು ‘ಬಾ’ ಎಂದಿರಲಿಲ್ಲ, ನಿಜ. ಆದರೆ ಮೂಗನ್ನು ಬಿಟ್ಟು ಮುಖವೊಂದೇ ಪ್ರವಾಸ ಹೋಗುತ್ತದೆಯೇ? ಕೇಳಲು ಹೋದರೆ ಎಲ್ಲಿ ‘ಇಲ್ಲ’ ಎಂಬ ಮಾತು ಹುಟ್ಟಿಬಿಡುತ್ತದೋ ಎಂದು ಅವಳು ಕೇಳಲೂ ಇಲ್ಲ. ಸದ್ದಿಲ್ಲದೆ ತನ್ನದೊಂದು ಫೋಟೋ ತೆಗೆಸಿಕೊಂಡಳು. “ಗೋಡೆಗೂ ಪಾಸ್‌ಪೋರ್ಟಾ?” ಎಂದು ಯಜಮಾನರು ನಕ್ಕರು. “ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದೀಯ, ನೋಡ್ಕೋ.” ಪಾಸ್‌ಪೋರ್ಟು ಬಂತು. ಹೊಸ ಪುಸ್ತಕದ ವಾಸನೆಯಿತ್ತು. ಅದನ್ನು ಸೀರೆಗಳ ನಡುವೆ ಇಟ್ಟಳು, ದಿನಕ್ಕೊಮ್ಮೆ ತೆಗೆದು ಮೂಸುತ್ತಿದ್ದಳು.

ಅವಳಿಗೆ ಬೆಟ್ಟವೂ ಬೇಡ, ಸಮುದ್ರವೂ ಬೇಡ. ಅವಳಿಗೆ ಬೇಕಾಗಿದ್ದದ್ದು ಮೋಡದ ಮೇಲ್ಮೈ. ಮೋಡಕ್ಕೂ ಒಳಮಗ್ಗುಲು ಹೊರಮಗ್ಗುಲು ಇರುತ್ತದೆ, ನಮ್ಮ ಪಾಲಿಗೆ ಬಂದಿರುವುದು ಬರೀ ಹೊಲಿಗೆ ಕಾಣುವ ಬದಿ ಎಂದಿದ್ದಳು ಅಜ್ಜಿ. ಕಸೂತಿಯ ಬದಿಯನ್ನು ನೋಡಬೇಕಾದರೆ ಏಳು ಸಮುದ್ರ ದಾಟುವವರ ಜತೆ ಹೋಗಬೇಕು. ಅಂಗಡಿ ಬೀದಿಯ ತುದಿಯಲ್ಲಿ, ಕ್ಷೌರದಂಗಡಿಯ ಮಾಡಿನ ಮೇಲೆ ಮೋಡ ತೇಲಿ ಹೋಗುವಾಗ ಚಿಕ್ಕಿ ಕೈಯಲ್ಲಿದ್ದ ಫೋಟೋಗಳ ಅಂಚು ಕತ್ತರಿಸುವುದನ್ನು ಮರೆತು ನಿಲ್ಲುತ್ತಿದ್ದಳು. ತಾನು ಕಿಟಕಿಯ ಪಕ್ಕ, ತೊಡೆಯ ಮೇಲೆ ಗುಂಡ, ಭುಜಕ್ಕೆ ಪಟಾಕಿ. ಇಷ್ಟೇ. ಗಾಳಿಗೋಪುರವೆಂದರೆ ಎಲ್ಲರೂ ನಗುತ್ತಾರೆ, ಆದರೆ ಅದಕ್ಕೂ ಒಂದು ಕಿಟಕಿ ಇರುತ್ತದೆ.

ಆ ಶುಕ್ರವಾರ ಅಕ್ಕ ಬೇಗ ಬಂದಳು. ಚಪ್ಪಲಿ ಬಿಡುತ್ತಲೇ ತನ್ನ ಹಳೆಯ ಫೋನನ್ನು ಚಿಕ್ಕಿಯ ಕೈಗಿಟ್ಟಳು.

“ಒಂದಿಷ್ಟು ಕಥೆ ಇದರಲ್ಲಿ ಹೇಳಿಡ್ತೀಯಾ? ಮಲಗಿಸೋವಾಗ ಹಾಕೋಕೆ. ನೀನಿಲ್ದೆ ಅವು ಕಣ್ಣು ಮುಚ್ಚಲ್ಲ, ನಿನಗೇ ಗೊತ್ತಲ್ಲ.”

ಚಿಕ್ಕಿ ಫೋನನ್ನು ನೋಡಿದಳು. ಅದರ ಗಾಜಿನ ಮೂಲೆ ಒಡೆದಿತ್ತು.

“ಆಯ್ತು,” ಎಂದಳು.

“ಉದ್ದದ್ದು ಹೇಳು. ವಿಮಾನದಲ್ಲಿ ತುಂಬ ಹೊತ್ತು ಕೂರ್ಬೇಕು.”

“ಆಯ್ತು ಅಂದ್ನಲ್ಲ.”

ದನಿ ಗಡುಸಾದದ್ದು ಅಕ್ಕನಿಗೆ ಕೇಳಿಸಲಿಲ್ಲ. ಅವಳು ಆಗಲೇ ಮಕ್ಕಳ ಸ್ವೆಟರ್ ಹುಡುಕುತ್ತಾ ಕಪಾಟಿನೊಳಗೆ ತಲೆ ಹಾಕಿದ್ದಳು.

ಮರುದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಚಿಕ್ಕಿ ಸ್ಟುಡಿಯೋದ ಒಳಕೋಣೆಗೆ ಹೋದಳು. ಬಾಚಣಿಗೆ, ಪೌಡರ್ ಡಬ್ಬಿ, ಯಾರೋ ಬಿಟ್ಟುಹೋದ ಕೋಟು. ಕನ್ನಡಿಗೆ ಫೋನನ್ನು ಒರಗಿಸಿ, ಗುಂಡಿ ಒತ್ತಿ, ಕೂತಳು.

“ಒಂದೂರಲ್ಲಿ ಒಬ್ಬಳು ಮುದುಕಿ ಇದ್ಲು. ಅವಳು ನಿದ್ದೆ ಮಾರ್ತಿದ್ಲು.”

ನಿಂತಳು. ಹೂಂ ಬರಲಿಲ್ಲ. ಕೆಂಪು ಚುಕ್ಕೆ ಮಿಣುಕುತ್ತಲೇ ಇತ್ತು.

“ಬುಟ್ಟಿ ತುಂಬ ನಿದ್ದೆ ತುಂಬ್ಕೊಂಡು, ಮೇಲೆ ಒದ್ದೆ ಬಟ್ಟೆ ಮುಚ್ಚಿ, ಬೀದೀಲಿ ಕೂಗ್ತಾ ಹೋಗ್ತಿದ್ಲು.”

ಮತ್ತೆ ನಿಂತಳು. ಕನ್ನಡಿಯಲ್ಲಿ ತನ್ನದೇ ಮುಖ ಬಾಯಿ ತೆರೆದು ಕಾಯುತ್ತಿತ್ತು. ಅಳಿಸಿ ಮತ್ತೆ ಹೇಳಿದಳು, ಮತ್ತೆ ಅಳಿಸಿದಳು. ಕೊನೆಗೆ ಹೂಂ ಬರಬೇಕಾದ ಕಡೆಯಲ್ಲೆಲ್ಲ ಒಂದು ಉಸಿರಿನಷ್ಟು ಜಾಗ ಬಿಟ್ಟು, ಕುರುಡರು ಮೆಟ್ಟಿಲಿಳಿಯುವ ಹಾಗೆ ತಡವರಿಸಿಕೊಂಡು ಒಂದು ಕಥೆಯನ್ನು ಮುಗಿಸುವಷ್ಟರಲ್ಲಿ ಕುತ್ತಿಗೆಯೆಲ್ಲ ಬೆವೆತಿತ್ತು.

“ಯಾರ ಜತೆಗಮ್ಮ ಮಾತು?” ಎಂದರು ಯಜಮಾನರು, ಪರದೆ ಸರಿಸಿ.

“ಯಾರೂ ಇಲ್ಲ,” ಎಂದಳು. ಅದು ನಿಜವೇ ಆಗಿತ್ತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪರೀಕ್ಷೆ. ಅಕ್ಕ ಹಾಸಿಗೆಯ ಮೇಲೆ ಮಕ್ಕಳ ನಡುವೆ ಫೋನಿಟ್ಟು ಗುಂಡಿ ಒತ್ತಿದಳು. ಚಿಕ್ಕಿ ಬಾಗಿಲಾಚೆ ನಿಂತಳು.

ಮುದುಕಿ ಬುಟ್ಟಿ ಹೊತ್ತು ಹೊರಟಳು. “ಹೂಂ,” ಎಂದಳು ಪಟಾಕಿ. ಆದರೆ ಅವಳ ಹೂಂ ಮುಗಿಯುವ ಮೊದಲೇ ಫೋನು ಮುಂದಕ್ಕೆ ಹೋಗಿಬಿಟ್ಟಿತು. “ಒಂದ್ನಿಮಿಷ ಇರು,” ಎಂದಳು. ಫೋನು ನಿಲ್ಲಲಿಲ್ಲ. “ಮುದುಕಿ ಬುಟ್ಟಿ ಯಾವ ಬಣ್ಣ?” ಫೋನು ಕೇಳಿಸಿಕೊಳ್ಳಲಿಲ್ಲ. “ಈ ಚಿಕ್ಕಿಗೆ ಕಿವಿ ಇಲ್ಲ,” ಎಂದು ಪಟಾಕಿ ಅದನ್ನು ದಿಂಬಿನ ಕೆಳಗೆ ತುರುಕಿದಳು. ಗುಂಡ ದಿಂಬೆತ್ತಿ ಕೆಳಗೆ ನೋಡಿದ, ಮಂಚದ ಹಿಂದೆ ಇಣುಕಿದ, ಎಲ್ಲೂ ಚಿಕ್ಕಿ ಸಿಗದೆ ಅಳಲು ಶುರುವಿಟ್ಟ.

“ಇದಕ್ಕಿಂತ ಚಿಕ್ಕಿನೇ ಸೂಟ್‌ಕೇಸಲ್ಲಿ ಮಡಚಿ ಇಟ್ಕೊಂಡು ಹೋಗೋದು ವಾಸಿ,” ಎಂದ ಭಾವ, ನಡುಕೋಣೆಯಿಂದ.

“ಸೂಟ್‌ಕೇಸ್ ಯಾಕೆ ಭಾವ,” ಎಂದಳು ಚಿಕ್ಕಿ. “ನನಗೂ ಪಾಸ್‌ಪೋರ್ಟ್ ಇದೆ.”

ನಗೆಯಾಡಿದ್ದಾಳೆಂದು ಭಾವ ನಕ್ಕ. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದ. ಯಾವುದೋ ಲಿಫ್ಟು ನೆನಪಾದವನಂತೆ ಎದ್ದು ಬಂದು, ಪಟಾಕಿಯನ್ನು ಎತ್ತಿಕೊಂಡು ಹೊರಗೆ ಹೋದ.

ಹಾಸಿಗೆಗೆ ಮುಖ ಒತ್ತಿ ಅಳುತ್ತಿದ್ದ ಗುಂಡನನ್ನು ತಟ್ಟುತ್ತಾ ಅಕ್ಕ ತಲೆಯೆತ್ತಿದಳು. “ಯಾವಾಗ ಮಾಡಿಸ್ದೆ?”

“ನೀವು ಬೆಟ್ಟ ಸಮುದ್ರ ಅಂತ ಕಿತ್ತಾಡ್ತಿದ್ರಲ್ಲ, ಆಗ.” ಇಷ್ಟು ದಿನ ಗಂಟಲಲ್ಲೇ ಕೂತಿದ್ದ ಮಾತು ಎದ್ದು ನಿಂತಿತು. “ನಾನೂ ಬರ್ತೀನಿ ಅಕ್ಕ. ನನ್ನನ್ನೂ ಕರ್ಕೊಂಡು ಹೋಗು.”

ರೂಮಿಲ್ಲ, ಟಿಕೆಟ್ಟಿಲ್ಲ ಎಂದು ಅಕ್ಕ ಏನಾದರೂ ನೆವ ಹೇಳುತ್ತಾಳೆಂದು ಚಿಕ್ಕಿ ಕಾದಳು. ಅದಕ್ಕೆಲ್ಲ ಉತ್ತರ ಅವಳ ಬಳಿ ಇತ್ತು.

“ನೀನು ಬಂದ್ರೆ ಎಷ್ಟು ಸುಖ ಅಂತ ನನಗೆ ಗೊತ್ತು,” ಎಂದಳು ಅಕ್ಕ. “ಅದಕ್ಕೇ ಕರೀಲಿಲ್ಲ.”

“ಅಂದ್ರೆ?”

“ಬಿದ್ರೂ ಚಿಕ್ಕಿ, ಎದ್ರೂ ಚಿಕ್ಕಿ. ಮೊನ್ನೆ ಜ್ವರ ಬಂದಾಗ ಇವನನ್ನ ಎತ್ಕೊಂಡ್ನಲ್ಲ, ನನ್ನ ಮುಖ ನೋಡಿ ‘ಬೇಡ’ ಅಂದ. ಯಾರೋ ಗಿರಾಕಿಗೆ ಹೇಳೋ ಹಾಗೆ.” ಅಕ್ಕ ಗುಂಡನ ಬೆವೆತ ಕೂದಲನ್ನು ಹಿಂದಕ್ಕೆ ಸರಿಸಿದಳು. “ಸಮುದ್ರ ಯಾರಿಗೆ ಬೇಕಿತ್ತೇ. ನೀನಿಲ್ದಿರೋ ಜಾಗಕ್ಕೆ ಇವರನ್ನ ಕರ್ಕೊಂಡು ಹೋಗ್ಬೇಕಿತ್ತು. ಅಲ್ಲಿ ಬೇರೆ ದಾರಿ ಇಲ್ದೆ ನನ್ನ ಹತ್ರಾನೇ ಬರ್ತಾರೆ. ಪಕ್ಕದೂರಿಗೆ ಹೋದ್ರೆ ನೀನು ಬಸ್ ಹತ್ತಿ ಬಂದ್ಬಿಡ್ತೀಯ.”

ಅಜ್ಜಿಯ ಕಥೆಗಳಲ್ಲಿ ಅಕ್ಕಂದಿರು ಕೆಟ್ಟವರಿದ್ದರೆ ಚೆನ್ನಾಗಿಯೇ ಕೆಟ್ಟವರಿರುತ್ತಿದ್ದರು. ಬಾವಿಗೆ ನೂಕುತ್ತಿದ್ದರು, ಬೂದಿಯಲ್ಲಿ ಕೂರಿಸುತ್ತಿದ್ದರು. ಅವರನ್ನು ದ್ವೇಷಿಸುವುದು ಸುಲಭ. ಈ ಅಕ್ಕನನ್ನು ಏನು ಮಾಡುವುದು?

“ಹಾಗಾದ್ರೆ ನನ್ನ ದನಿ ಯಾಕೆ ಒಯ್ತಿದ್ದೀಯ?”

“ಭಯಕ್ಕೆ,” ಎಂದಳು ಅಕ್ಕ. “ಅಲ್ಲಿಗೆ ಹೋದ ಮೇಲೂ ಬರ್ಲಿಲ್ಲ ಅಂದ್ರೆ?”

ಚಿಕ್ಕಿ ಕಿಟಕಿಯಾಚೆ ನೋಡಿದಳು. ಎದುರು ಮನೆಯ ತಾರಸಿಯಲ್ಲಿ ಒಣಗಲು ಹಾಕಿದ ಚಾದರಗಳು, ಅವುಗಳ ಮೇಲೆ ಹೊಲಿಗೆಯ ಬದಿ ತೋರಿಸುತ್ತಾ ಹೋಗುವ ಒಂದು ಬಿಳಿ ಮೋಡ. ಕೂಗಾಡಬೇಕೆನಿಸಿತು. ಕೂಗಾಡಿದರೆ ಅಕ್ಕ ಸೋತು ‘ಬಾ’ ಎಂದೇ ಬಿಡುತ್ತಾಳೆ ಎಂಬುದೂ ಗೊತ್ತಿತ್ತು. ಹಾಗೆ ಹೋದರೆ ವಿಮಾನದಲ್ಲಿ ಗುಂಡ ಯಾರ ತೊಡೆ ಹತ್ತುತ್ತಾನೆ ಎಂಬುದೂ ಗೊತ್ತಿತ್ತು.

ಮಂಚದ ಬಳಿ ಬಂದು ದಿಂಬಿನ ಕೆಳಗಿಂದ ಫೋನನ್ನು ಎಳೆದು ತೆಗೆದಳು. ಒಳಗೆ ಮುದುಕಿ ಇನ್ನೂ ಕೂಗುತ್ತಲೇ ಇದ್ದಳು. ಅವಳ ಬಾಯಿ ಮುಚ್ಚಿಸಿ, ಕಥೆಯನ್ನು ಅಳಿಸಿಹಾಕಿ, ಫೋನನ್ನು ಅಕ್ಕನ ಕಡೆಗೆ ತಳ್ಳಿದಳು.

“ನೀನೇ ಹೇಳು ಹಾಗಾದ್ರೆ.”

“ನನಗೆಲ್ಲಿ ನೆನಪಿದೆ.”

“ಅಜ್ಜಿ ನಿನಗೂ ಹೇಳಿದ್ಲು. ಶುರು ಮಾಡು, ನಾನು ಹೂಂಗುಡ್ತೀನಿ.”

ಚಿಕ್ಕಿ ಮಂಚದ ಪಕ್ಕ ತಣ್ಣಗಿದ್ದ ನೆಲದ ಮೇಲೆ ಮಲಗಿಬಿಟ್ಟಳು, ಗುಂಡನ ಕಣ್ಣಿಗೆ ಬೀಳದ ಹಾಗೆ. ಅಕ್ಕ ಗಂಟಲು ಸರಿಮಾಡಿಕೊಂಡಳು.

“ಒಂದೂರಲ್ಲಿ ಒಬ್ಬಳು ಮುದುಕಿ... ನಿದ್ದೆ ಮಾರ್ತಿದ್ಲು.”

“ಹೂಂ.”

“ಮೊದಲು ಯಾರ ಮನೆಗೆ ಹೋದ್ಲೇ?”

“ಹೂಂ,” ಎಂದಳು ಚಿಕ್ಕಿ. ಅವಳು ಬೇರೇನೂ ಕೊಡಲಿಲ್ಲ.

“ಮೊದಲು... ಔಷಧಿ ಕೌಂಟರಿಗೆ ಹೋದ್ಲು. ಅಲ್ಲಿದ್ದವಳು ಹೇಳಿದ್ಲು, ಡಾಕ್ಟರ ಚೀಟಿ ಇಲ್ದೆ ನಾವು ನಿದ್ದೆ ತಗೊಳ್ಳಲ್ಲ ಅಂತ.”

ಗುಂಡನ ಅಳು ಬಿಕ್ಕಳಿಕೆಗೆ ಇಳಿಯಿತು. ಚಿಕ್ಕಿಗೆ ನಗು ತಡೆಯುವುದು ಕಷ್ಟವಾಯಿತು. “ಹೂಂ.”

“ಆಮೇಲೆ ಲಿಫ್ಟ್ ಹತ್ತಿದ್ಲು. ಅದು ನಡುವೆ ನಿಂತುಬಿಡ್ತು. ರಿಪೇರಿಯವನು ಬರೋಷ್ಟರಲ್ಲಿ ಒಳಗಿದ್ದವರೆಲ್ಲ ಬುಟ್ಟೀಗೆ ಕೈ ಹಾಕಿ, ನಿಂತಲ್ಲೇ ಗೊರಕೆ ಹೊಡೀತಿದ್ರು.”

“ಊಂ,” ಎಂದಿತು ಒಂದು ಪುಟ್ಟ ದನಿ, ಮಂಚದ ಮೇಲಿಂದ. ಅಕ್ಕನ ಕಥೆ ಎಡವಿತು. ಚಿಕ್ಕಿ ಕೆಳಗೆ ಉಸಿರು ಬಿಗಿಹಿಡಿದಳು. ನೆತ್ತಿಯ ಮೇಲೆ ಎರಡು ಗೇಣಿನಷ್ಟು ದೂರದಲ್ಲಿ ಗುಂಡ ಹೊರಳಿದ ಸದ್ದು. ಹೊರಳಿದ್ದು ಅಕ್ಕನ ಕಡೆಗೆ.

ಕಥೆ ದಾರಿ ತಪ್ಪುತ್ತಾ, ಬೀದಿ ಬೀದಿ ಅಲೆಯುತ್ತಾ ಹೋಯಿತು. ಬೇಕಂತಲೇ ತಪ್ಪಿದ ಹಾಗೆ ಚೆನ್ನಾಗಿತ್ತು. ಅಜ್ಜಿ ಹೋದಾಗಿನಿಂದ ಯಾರೂ ತನಗೆ ಕಥೆ ಹೇಳಿರಲಿಲ್ಲ ಎಂಬುದು ಚಿಕ್ಕಿಗೆ ಆಗ ಹೊಳೆಯಿತು. ಅವಳು ಕಣ್ಣು ಮುಚ್ಚಿದಳು. ಕಣ್ಣಿನ ಅಂಚಿನಿಂದ ಕಿವಿಯವರೆಗೆ ಏನೋ ಬೆಚ್ಚಗೆ ಹರಿಯಿತು, ಒರೆಸಿಕೊಳ್ಳಲಿಲ್ಲ.

“ಮಲಗಿದ,” ಎಂದು ಅಕ್ಕ ಪಿಸುಗುಟ್ಟಿದಳು. “ನನ್ನ ಕೈ ಹಿಡ್ಕೊಂಡೇ ಮಲಗಿದಾನೆ ನೋಡೇ. ನಿಲ್ಲಿಸ್ಲಾ?”

“ಬೇಡ.”

“ಮುಂದಿಂದು ನನಗೆ ಗೊತ್ತಿಲ್ಲ. ಅಜ್ಜಿ ಅಲ್ಲಿಗೆ ಬರೋಷ್ಟರಲ್ಲಿ ನಾವು ನಿದ್ದೆ ಹೋಗಿರ್ತಿದ್ವಿ.”

“ಗೊತ್ತಿಲ್ದಿದ್ರೆ ಕಟ್ಟಿ ಹೇಳು,” ಎಂದಳು ಚಿಕ್ಕಿ. “ನಾನಿನ್ನೂ ಎದ್ದಿದ್ದೀನಿ.”

ಅಕ್ಕ ಯೋಚಿಸಿದಳು. ಮಂಚದ ಅಂಚಿನಿಂದ ಅವಳ ಬಿಡುವಾದ ಕೈ ಕೆಳಗಿಳಿದು, ಕತ್ತಲಲ್ಲಿ ತಡಕುವವರ ಹಾಗೆ ತಡಕಿ, ಚಿಕ್ಕಿಯ ಹಣೆಯ ಮೇಲೆ ಬಂದು ನಿಂತಿತು.

“ಬುಟ್ಟಿ ಖಾಲಿ ಆಗ್ತಾ ಬಂತು,” ಎಂದಳು ಅಕ್ಕ. “ಮುದುಕಿಗೆ ಕಾಲು ನೋವು. ದಾರೀಲಿ ಒಂದು ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ನೋಡ್ತಾಳೆ...”